ಓಟವನ್ನೂ ಕಲಿಸಬೇಕು

ಮಕ್ಕಳಿಗೆ ಅಕ್ಷರ ಕಲಿಸುವಾಗ ಬಳಪವನ್ನು ಹೇಗೆ ಹಿಡಿಯಬೇಕೆಂದು ಮೊದಲು ತೋರಿಸುತ್ತೇವೆ. ಸಂಗೀತದ ಗುರುಗಳು ಶಿಷ್ಯನನ್ನು ಹೇಗೆ ಕುಳಿತುಕೊಳ್ಳಬೇಕೆಂಬಲ್ಲಿಂದ ತಿದ್ದುತ್ತಾರೆ. ಹಳ್ಳಿಯ ಬಾವಿಯಲ್ಲಿ ಈಜು ಕಲಿಯುವ ಹುಡುಗನ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ, ಕೈಕಾಲು ಬಡಿಯುವ ಕ್ರಮವನ್ನು ದಡದಿಂದಲೇ ಕೂಗಿ ಹೇಳುವ ಹಿರಿಯರಿದ್ದರು. ಓಟವೊಂದನ್ನು ಮಾತ್ರ ಯಾರಿಗೂ ಯಾರೂ ಕಲಿಸುವುದಿಲ್ಲ. ಸುಣ್ಣದ ಗೆರೆಯ ಹಿಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸೀಟಿ ಊದಿಬಿಡುತ್ತೇವೆ. ನಡೆಯಬಲ್ಲವನಿಗೆ ಓಡಲೂ ಬರುತ್ತದೆ, ಅದರಲ್ಲಿ ಕಲಿಸುವುದೇನಿದೆ ಎಂಬುದು ನಮ್ಮ ಸಾಮಾನ್ಯ ನಂಬಿಕೆ. ಈ ನಂಬಿಕೆ ತಪ್ಪೆಂದೂ, ಅದರ ಬೆಲೆಯನ್ನು ನಮ್ಮ ಜನ ತಮ್ಮ ಮಂಡಿ, ಹಿಮ್ಮಡಿಗಳ ಮೂಲಕ ತೆರುತ್ತಿದ್ದಾರೆಂದೂ ನನ್ನ ಅಭಿಪ್ರಾಯ.

ಇದನ್ನು ಬರೆಯಲು ಕಾರಣ ನೀವೇ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ನಲವತ್ತು ದಾಟಿದವರು. ಬೆಂಗಳೂರಿನಲ್ಲಿ 2008ರಲ್ಲಿ ಹತ್ತು ಕಿಲೋಮೀಟರ್ ಓಟ ಆರಂಭವಾದ ಮೇಲೆ, ಶಾಲೆಯಲ್ಲಿ ಆಟದ ಅವಧಿಯೆಂದರೆ ಮರದ ನೆರಳು ಹುಡುಕುತ್ತಿದ್ದವರು ಕೂಡ ಓಡತೊಡಗಿದ್ದಾರೆ. ಸಂತೋಷದ ಸಂಗತಿ. ಆದರೆ ಮೂರು ತಿಂಗಳು ಕಳೆಯುವಷ್ಟರಲ್ಲಿ ಬರುವ ಪತ್ರಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ: ‘ಮೇಷ್ಟ್ರೇ, ಮಂಡಿ ನೋವು. ವೈದ್ಯರು ಓಟ ಬಿಡಿ ಅಂದರು. ಅಂಗಡಿಯವನು ಹದಿನೈದು ಸಾವಿರದ ಬೂಟು ತೆಗೆದುಕೊಳ್ಳಿ ಅಂದ. ಯಾರ ಮಾತು ಕೇಳಲಿ?’

ನಾನು ವೈದ್ಯನಲ್ಲ, ಕನ್ನಡ ಮೇಷ್ಟ್ರು. ಆದರೂ ದೈಹಿಕ ಶಿಕ್ಷಕರಿಲ್ಲದ ಶಾಲೆಯಲ್ಲಿ ಬಹಳ ವರ್ಷ ಗಡಿಯಾರ ಹಿಡಿದು ಓಟದ ಗೆರೆಯ ಪಕ್ಕದಲ್ಲಿ ನಿಂತವನು. ಮಕ್ಕಳ ಪಾದಗಳನ್ನು ಅವರ ಮುಖಗಳಷ್ಟೇ ಗಮನವಿಟ್ಟು ನೋಡುವ ಅಭ್ಯಾಸ ಆಗ ಬೆಳೆಯಿತು. ನಿವೃತ್ತಿಯ ನಂತರ ಈ ವಿಷಯದ ಓದೂ ಸೇರಿಕೊಂಡಿತು.

ಮೊದಲು ಒಂದು ಭಯವನ್ನು ಕಳೆಯಬೇಕು. ‘ಓಡಿದರೆ ಮಂಡಿ ಸವೆಯುತ್ತದೆ’ ಎಂಬ ಮಾತು ನಮ್ಮ ಮನೆಗಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳು ಓಡಲು ಹೊರಟಾಗ, ತಪ್ಪದೆ ಬರುತ್ತದೆ. ನನ್ನ ತಂಗಿಯ ಮಗಳಿಗೆ ಅವಳ ಅತ್ತೆ ಹೇಳಿದ್ದೂ ಇದನ್ನೇ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ಹವ್ಯಾಸಕ್ಕಾಗಿ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲುಸವೆತ ಕಂಡುಬಂದದ್ದು ಶೇಕಡಾ 3.5ರಷ್ಟು ಮಂದಿಯಲ್ಲಿ, ಓಡದೆ ಕುಳಿತಿರುವವರಲ್ಲಿ ಶೇಕಡಾ 10.2. ಸ್ಪರ್ಧೆಗಾಗಿಯೇ ಓಡುವವರಲ್ಲಿ ಮಾತ್ರ ಶೇಕಡಾ 13.3. ಓಡಿದ್ದರಿಂದಲೇ ಸವೆತ ಕಡಿಮೆಯಾಯಿತೆಂದು ಇಷ್ಟರಿಂದ ಸಾಧಿಸಲಾಗದು; ಮಂಡಿ ಗಟ್ಟಿಯಿದ್ದವರೇ ಓಟವನ್ನು ಮುಂದುವರಿಸಿರಬಹುದು. ಆದರೆ ಮಿತವಾಗಿ ಓಡುವವರ ಮಂಡಿ ಸವೆದೇ ತೀರುತ್ತದೆಂದು ಹೆದರಿಸುವುದಕ್ಕೆ ಆಧಾರವಿಲ್ಲವೆಂಬುದು ಸ್ಪಷ್ಟ. ಹಾಗಿದ್ದರೆ ನೋವು ಬರುವುದೇಕೆ?

ಒಂದು ಲೆಕ್ಕ ಮಾಡೋಣ. ನಿಮಿಷಕ್ಕೆ 160 ಹೆಜ್ಜೆಯಂತೆ ಅರ್ಧ ಗಂಟೆ ಓಡಿದರೆ 4,800 ಹೆಜ್ಜೆಗಳು. ಓಡುವಾಗ ಪ್ರತಿ ಹೆಜ್ಜೆಯಲ್ಲೂ ನೆಲವು ನಮ್ಮ ಕಾಲಿನ ಮೇಲೆ ಹಾಕುವ ಪ್ರತಿಬಲ ದೇಹದ ತೂಕದ ಎರಡರಿಂದ ಮೂರು ಪಟ್ಟು. ಎಪ್ಪತ್ತು ಕಿಲೋ ತೂಗುವವನ ಒಂದೊಂದು ಕಾಲು, ಕ್ಷಣಕಾಲವಾದರೂ, ಒಂದೂವರೆ ಕ್ವಿಂಟಲ್‌ನಿಂದ ಎರಡು ಕ್ವಿಂಟಲ್ ಭಾರವನ್ನು ತಾಳಿಕೊಳ್ಳುತ್ತದೆ, ಅದೂ ಸಾವಿರಾರು ಸಲ. ಒಂದು ಹೆಜ್ಜೆಯಲ್ಲಿ ಲೆಕ್ಕಕ್ಕೇ ಬಾರದ ಓರೆಕೋರೆ ಐದು ಸಾವಿರ ಹೆಜ್ಜೆಗಳಲ್ಲಿ ದೊಡ್ಡದಾಗಿಬಿಡುತ್ತದೆ.

ನಾನು ಗೆರೆಯ ಪಕ್ಕ ನಿಂತು ಕಂಡ ಅತಿ ಸಾಮಾನ್ಯ ಲೋಪವೆಂದರೆ ಹೆಜ್ಜೆಯನ್ನು ಮುಂದಕ್ಕೆ ಚಾಚುವುದು. ವೇಗವಾಗಿ ಓಡಬೇಕೆಂದರೆ ದೊಡ್ಡ ಹೆಜ್ಜೆ ಹಾಕಬೇಕೆಂದು ಮಗು ತಾನಾಗಿಯೇ ಊಹಿಸುತ್ತದೆ. ಪಕ್ಕದಲ್ಲಿ ನಿಂತ ನಾವೂ ‘ಕಾಲು ಬೀಸಿ ಹಾಕೋ!’ ಎಂದು ಕೂಗುವುದನ್ನು ಎಷ್ಟೋ ಮೈದಾನಗಳಲ್ಲಿ ಕೇಳಿದ್ದೇನೆ. ಹಾಗೆ ಚಾಚಿದ ಕಾಲು ದೇಹಕ್ಕಿಂತ ಬಹಳ ಮುಂದೆ, ಮಂಡಿ ನೆಟ್ಟಗಾಗಿ, ಹಿಮ್ಮಡಿಯ ತುದಿಯಿಂದ ನೆಲಕ್ಕೆ ಅಪ್ಪಳಿಸುತ್ತದೆ. ದೇಹವಿನ್ನೂ ಹಿಂದೆಯೇ ಇರುವುದರಿಂದ ಆ ಕಾಲು ಮುಂದಕ್ಕೆ ಒಯ್ಯುವ ಬದಲು ತಡೆಯುತ್ತದೆ. ಓಡುವ ಗಾಡಿಯ ಚಕ್ರಕ್ಕೆ ಪ್ರತಿ ಸುತ್ತಿಗೊಮ್ಮೆ ಕಲ್ಲು ಕೊಟ್ಟಂತೆ. ಮಂಡಿ ಬಾಗಿದ್ದರೆ ತೊಡೆಯ ಸ್ನಾಯುಗಳು ಆ ಹೊಡೆತವನ್ನು ನುಂಗಿಕೊಳ್ಳುತ್ತಿದ್ದವು. ನೆಟ್ಟಗಿರುವ ಕಾಲಿನಲ್ಲಿ ಅದು ನೇರವಾಗಿ ಮೇಲಕ್ಕೆ ಏರುತ್ತದೆ. ಬೇಕಾದದ್ದು ಇಷ್ಟೇ: ಪಾದವು ಸಾಧ್ಯವಾದಷ್ಟೂ ಸೊಂಟದ ಸಮೀಪದಲ್ಲಿ, ಬಾಗಿದ ಮಂಡಿಯ ಕೆಳಗೆ ನೆಲ ಮುಟ್ಟಬೇಕು.

ಇಲ್ಲಿ ದೊಡ್ಡದೊಂದು ಜಗಳವಿದೆ. ಹಿಮ್ಮಡಿ ಮೊದಲು ಊರಬೇಕೋ, ಮುಂಗಾಲು ಮೊದಲು ಊರಬೇಕೋ? 2009ರಲ್ಲಿ ಕ್ರಿಸ್ಟೋಫರ್ ಮೆಕ್‌ಡೂಗಲ್ ಅವರ ‘ಬಾರ್ನ್ ಟು ರನ್’ ಪುಸ್ತಕ ಬಂದು ಬರಿಗಾಲ ಓಟದ ಹುಚ್ಚನ್ನು ಹಬ್ಬಿಸಿತು. 2010ರಲ್ಲಿ ಹಾರ್ವರ್ಡಿನ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ, ಬರಿಗಾಲಲ್ಲೇ ಓಡಿ ಬೆಳೆದವರು ಹೆಚ್ಚಾಗಿ ಮುಂಗಾಲನ್ನೋ ನಡುಪಾದವನ್ನೋ ಮೊದಲು ಊರುತ್ತಾರೆಂದೂ, ಹಾಗೆ ಊರಿದಾಗ ಆ ಮೊದಲ ಹೊಡೆತ ತೀರಾ ಕಡಿಮೆಯೆಂದೂ ತೋರಿಸಿದರು. ಕೈಗವಸಿನ ಹಾಗೆ ಬೆರಳು ಬೆರಳಿಗೂ ಬೇರೆ ಬೇರೆ ಗೂಡಿರುವ ತೆಳು ಬೂಟುಗಳು ಭರದಿಂದ ಮಾರಾಟವಾದವು. ಮುಂದೇನಾಯಿತು? ಆ ಬೂಟಿನ ಪ್ರಯೋಜನಗಳ ಬಗ್ಗೆ ಆಧಾರವಿಲ್ಲದ ಮಾತು ಹೇಳಿದರೆಂಬ ಮೊಕದ್ದಮೆಯಲ್ಲಿ ವೈಬ್ರಮ್ ಕಂಪನಿ, ತಪ್ಪನ್ನು ಒಪ್ಪದೆ, 2014ರಲ್ಲಿ 37.5 ಲಕ್ಷ ಡಾಲರುಗಳಿಗೆ ರಾಜಿ ಮಾಡಿಕೊಂಡಿತು. ಅದಕ್ಕೂ ಒಂದು ವರ್ಷ ಮೊದಲು ಪ್ರಕಟವಾದ ಅಧ್ಯಯನವೊಂದರಲ್ಲಿ, ಹತ್ತು ವಾರಗಳಲ್ಲಿ ಸಾಮಾನ್ಯ ಬೂಟಿನಿಂದ ಇಂಥ ತೆಳು ಬೂಟಿಗೆ ಬದಲಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಪಾದದ ಮೂಳೆಗಳೊಳಗೆ ಊತ ಕಾಣಿಸಿಕೊಂಡಿತ್ತು.

ಇನ್ನೊಂದು ಕಡೆಯ ಸಾಕ್ಷ್ಯವೂ ಇದೆ. ಜಪಾನಿನ ಸಪೋರೊದಲ್ಲಿ 2004ರಲ್ಲಿ ನಡೆದ ಅರ್ಧ ಮ್ಯಾರಥಾನಿನಲ್ಲಿ ಹದಿನೈದನೆಯ ಕಿಲೋಮೀಟರಿನ ಬಳಿ ಚಿತ್ರೀಕರಿಸಿ ನೋಡಿದಾಗ, ಆ ಮೇಲ್ದರ್ಜೆಯ ಓಟಗಾರರಲ್ಲೂ ಸುಮಾರು ಮುಕ್ಕಾಲು ಪಾಲು ಜನ ಹಿಮ್ಮಡಿಯನ್ನೇ ಮೊದಲು ಊರುತ್ತಿದ್ದರು. ಹುಟ್ಟಿನಿಂದ ಬರಿಗಾಲಲ್ಲೇ ಇರುವ ಕೀನ್ಯಾದ ದಾಸನಚ್ ಜನರನ್ನು ಗಮನಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ, ಅವರು ತಮಗೆ ಹಿತವಾದ ವೇಗದಲ್ಲಿ ಓಡಿದಾಗ ಹೆಚ್ಚಿನವರು ಹಿಮ್ಮಡಿ ಊರಿದರು. ವೇಗ ಹೆಚ್ಚಿದಂತೆ ನಡುಪಾದವನ್ನೋ ಮುಂಗಾಲನ್ನೋ ಊರುವವರು ಹೆಚ್ಚಿದರು.

ಆದ್ದರಿಂದ ಈ ಜಗಳದಲ್ಲಿ ಪಕ್ಷ ವಹಿಸಲು ನನಗೆ ಇಷ್ಟವಿಲ್ಲ. ಹಿಮ್ಮಡಿ ಊರಿದರೆ ಮಂಡಿಯ ಮೇಲೆ ಹೊರೆ. ಮುಂಗಾಲು ಊರಿದರೆ ಮೀನಖಂಡ ಮತ್ತು ಹಿಮ್ಮಡಿಯ ಮೇಲಿನ ದಪ್ಪ ರಜ್ಜುವಿನ ಮೇಲೆ ಹೊರೆ. (ನಮ್ಮ ಜನ ಅದನ್ನು ‘ನರ’ ಎನ್ನುತ್ತಾರೆ, ಅದು ನರವಲ್ಲ, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ.) ಹೊರೆ ಮಾಯವಾಗುವುದಿಲ್ಲ, ಸ್ಥಳ ಬದಲಾಯಿಸುತ್ತದೆ. ಇಪ್ಪತ್ತು ವರ್ಷ ಒಂದು ರೀತಿಯಲ್ಲಿ ಓಡಿದವರು, ನೋವಿಲ್ಲದೆ ಇದ್ದರೆ, ಯಾವುದೋ ವಿಡಿಯೋ ನೋಡಿ ಪಾದವೂರುವ ಬಗೆಯನ್ನು ಬದಲಾಯಿಸುವುದು ಬೇಡ. ಪಾದದ ಯಾವ ಭಾಗ ಮೊದಲು ಮುಟ್ಟಿತೆಂಬುದಕ್ಕಿಂತ, ದೇಹಕ್ಕಿಂತ ಎಷ್ಟು ಮುಂದೆ ಮುಟ್ಟಿತೆಂಬುದನ್ನು ನಾನು ಮೊದಲು ನೋಡುತ್ತೇನೆ.

ಬರಿಗಾಲಿನ ಪ್ರಸ್ತಾಪ ಬಂದಾಗಲೆಲ್ಲ ಇಥಿಯೋಪಿಯದ ಅಬೆಬೆ ಬಿಕಿಲಾ ಅವರ ಹೆಸರು ಬರುತ್ತದೆ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಓಡಿ 2 ಗಂಟೆ 15 ನಿಮಿಷದಲ್ಲಿ ಚಿನ್ನ ಗೆದ್ದರು. ಅದೇ ಬಿಕಿಲಾ 1964ರಲ್ಲಿ ಟೋಕಿಯೋದಲ್ಲಿ ಬೂಟು ತೊಟ್ಟು 2 ಗಂಟೆ 12 ನಿಮಿಷದಲ್ಲಿ ಮತ್ತೆ ಗೆದ್ದರೆಂಬುದನ್ನು ಹೇಳುವವರು ಕಡಿಮೆ. ನಮ್ಮ ಶಿವನಾಥ ಸಿಂಗ್ ಕೂಡ ಬರಿಗಾಲಲ್ಲಿ ಓಡುತ್ತಿದ್ದವರೇ; 1978ರಲ್ಲಿ ಜಲಂಧರಿನಲ್ಲಿ ಅವರು ಓಡಿದ 2 ಗಂಟೆ 12 ನಿಮಿಷದ ಮ್ಯಾರಥಾನ್ ದಾಖಲೆಯನ್ನು ದಶಕಗಳ ಕಾಲ ಭಾರತದಲ್ಲಿ ಯಾರೂ ಮುರಿಯಲಿಲ್ಲ. 2020ರಲ್ಲಿ ಕಂಬಳದ ಶ್ರೀನಿವಾಸ ಗೌಡರು ಕೋಣಗಳ ಹಿಂದೆ ಓಡಿದ ವೇಗವನ್ನು ಉಸೇನ್ ಬೋಲ್ಟ್ ಜೊತೆ ಹೋಲಿಸಿ ದೇಶವೇ ಬೆರಗಾದಾಗಲೂ ‘ನೋಡಿ, ಬರಿಗಾಲು!’ ಎಂದವರಿದ್ದರು. ಕೆಸರುಗದ್ದೆಯ ಮೆತ್ತನೆಯ ನೆಲ ಬೇರೆ, ಮುಂದೆ ಎಳೆಯುವ ಕೋಣಗಳ ಬಲ ಬೇರೆ, ಜಯನಗರದ ಡಾಂಬರು ರಸ್ತೆ ಬೇರೆ. ಕಚೇರಿಯ ಕುರ್ಚಿಯಿಂದ ಎದ್ದವನು ಮಾರನೆಯ ದಿನವೇ ಬಿಕಿಲಾ ಆಗಲು ಹೊರಟರೆ ಗಾಜಿನ ಚೂರು ಚುಚ್ಚುವುದೊಂದೇ ಅಪಾಯವಲ್ಲ.

ಹಾಗಾದರೆ ಚಾಚುವ ಹೆಜ್ಜೆಯನ್ನು ತಿದ್ದುವುದು ಹೇಗೆ? ‘ಕಾಲನ್ನು ಇಲ್ಲಿಡು, ಮಂಡಿಯನ್ನು ಹೀಗೆ ಬಾಗಿಸು’ ಎಂದರೆ ಓಡುವವನು ಮರದ ಗೊಂಬೆಯಾಗುತ್ತಾನೆ. ಸುಲಭ ದಾರಿ ಲಯದ ಮೂಲಕ. ನಿಮ್ಮಲ್ಲಿ ಮೃದಂಗವನ್ನೋ ವೀಣೆಯನ್ನೋ ಕಲಿತವರಿಗೆ ಇದು ಬೇಗ ತಿಳಿದೀತು. ಎಂದಿನ ವೇಗದಲ್ಲಿ ಓಡುತ್ತಾ, ಮೂವತ್ತು ಸೆಕೆಂಡುಗಳಲ್ಲಿ ಬಲಗಾಲು ಎಷ್ಟು ಸಲ ನೆಲ ಮುಟ್ಟಿತೆಂದು ಎಣಿಸಿ. ಅದನ್ನು ನಾಲ್ಕರಿಂದ ಗುಣಿಸಿದರೆ ನಿಮಿಷದ ಹೆಜ್ಜೆಗಳು ಸಿಗುತ್ತವೆ. ಅದು 156 ಬಂದಿತೆನ್ನೋಣ. ಓಟದ ವೇಗವನ್ನು ಹೆಚ್ಚಿಸದೆ ಹೆಜ್ಜೆಗಳನ್ನು ಮಾತ್ರ 164ಕ್ಕೆ ಏರಿಸಿ, ಅಂದರೆ ನೂರಕ್ಕೆ ಐದರಷ್ಟು. ಹೆಜ್ಜೆ ತಾನಾಗಿಯೇ ಚಿಕ್ಕದಾಗುತ್ತದೆ, ಪಾದ ದೇಹದ ಕೆಳಕ್ಕೆ ಬರುತ್ತದೆ. 2011ರಲ್ಲಿ ಅಮೆರಿಕದ ವಿಸ್ಕಾನ್ಸಿನ್ನಿನ ಸಂಶೋಧಕರು, ನೂರಕ್ಕೆ ಐದರಿಂದ ಹತ್ತರಷ್ಟು ಹೆಜ್ಜೆ ಹೆಚ್ಚಿಸಿದರೆ ಮಂಡಿ ಮತ್ತು ಸೊಂಟದ ಮೇಲಿನ ಹೊರೆ ಗಣನೀಯವಾಗಿ ಇಳಿಯುವುದನ್ನು ಅಳೆದು ತೋರಿಸಿದರು. ಎಣಿಕೆಗೆ ತಾಳ ಹಾಕುವ ಸಾಧನ ಈಗ ಮೊಬೈಲಿನಲ್ಲೇ ಉಂಟು.

‘180 ಹೆಜ್ಜೆ’ ಎಂಬುದೊಂದು ಮಂತ್ರವಾಗಿಬಿಟ್ಟಿದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ತರಬೇತುದಾರ ಜ್ಯಾಕ್ ಡೇನಿಯಲ್ಸ್ ದೂರದ ಓಟಗಾರರನ್ನು ಎಣಿಸಿ ನೋಡಿದಾಗ ಬಹುತೇಕ ಎಲ್ಲರೂ ನಿಮಿಷಕ್ಕೆ 180 ಅಥವಾ ಅದಕ್ಕಿಂತ ಹೆಚ್ಚು ಹೆಜ್ಜೆ ಹಾಕುತ್ತಿದ್ದರು. ಅವರು ಒಲಿಂಪಿಕ್ಸಿನ ವೇಗದಲ್ಲಿ ಓಡುತ್ತಿದ್ದರೆಂಬುದನ್ನು ಮರೆತು, ಕಿಲೋಮೀಟರಿಗೆ ಎಂಟು ನಿಮಿಷ ತೆಗೆದುಕೊಳ್ಳುವ ಆರಡಿ ಎತ್ತರದವನಿಗೂ ಅದೇ ಅಂಕಿಯನ್ನು ಹೇರುವುದು ಎಲ್ಲ ಮಕ್ಕಳಿಗೂ ಒಂದೇ ಅಳತೆಯ ಸಮವಸ್ತ್ರ ಹೊಲಿಸಿದ ಹಾಗೆ. ನಿಮ್ಮ ಲೆಕ್ಕ ನಿಮ್ಮ ಹಳೆಯ ಲೆಕ್ಕದಿಂದ ಶುರುವಾಗಲಿ.

ಇನ್ನೊಂದು ಉಪಾಯ ಇದಕ್ಕಿಂತ ಸರಳ: ಹೆಜ್ಜೆಯ ಸದ್ದನ್ನು ಕೇಳುವುದು. ಹಾಂಗ್‌ಕಾಂಗಿನಲ್ಲಿ ಓಟಕ್ಕೆ ಹೊಸಬರಾದ 320 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವಾರಗಳ ಕಾಲ ಮೆಲ್ಲಗೆ ನೆಲ ಮುಟ್ಟುವಂತೆ ಓಡುವ ತರಬೇತಿ ಕೊಟ್ಟರು. ಕಾಲಿಗೆ ಬೀಳುವ ಹೊಡೆತವನ್ನು ಅವರ ಕಣ್ಣೆದುರಿನ ಪರದೆಯಲ್ಲೇ ತೋರಿಸಲಾಗುತ್ತಿತ್ತು. ಮುಂದಿನ ಒಂದು ವರ್ಷದಲ್ಲಿ ಆ ಗುಂಪಿನಲ್ಲಿ ಗಾಯಗಳು ಶೇಕಡಾ 62ರಷ್ಟು ಕಡಿಮೆಯಾದುವೆಂದು 2018ರಲ್ಲಿ ವರದಿಯಾಯಿತು. ನಾನು ಮೇಲೆ ಹೇಳಿದ ಹೊರೆಯ ಸ್ಥಳಾಂತರ ಇಲ್ಲಿಯೂ ಕಂಡಿತು: ಮಂಡಿ ಮತ್ತು ಅಂಗಾಲಿನ ನೋವು ಇಳಿದವು, ಮೀನಖಂಡ ಮತ್ತು ಹಿಮ್ಮಡಿ ರಜ್ಜುವಿನ ನೋವು ತುಸು ಹೆಚ್ಚಿದವು. ಒಟ್ಟಿನಲ್ಲಿ ಲಾಭವೇ ದೊಡ್ಡದು. ನಮಗೆ ಪರದೆ ಬೇಡ, ಕಿವಿ ಸಾಕು. ದಯವಿಟ್ಟು ಕಿವಿಯಲ್ಲಿ ಸಿಕ್ಕಿಸಿಕೊಂಡ ಹಾಡನ್ನು ಹತ್ತು ನಿಮಿಷ ತೆಗೆದಿಟ್ಟು, ನಿಮ್ಮ ಪಾದ ‘ಧಡ್ ಧಡ್’ ಎನ್ನುತ್ತಿದೆಯೋ ‘ತಪ್ ತಪ್’ ಎನ್ನುತ್ತಿದೆಯೋ ಕೇಳಿ.

ಓಟದ ಚೆಲುವನ್ನು ಓಟದ ಕ್ರಮವೆಂದು ತಿಳಿಯಬೇಡಿ. 1952ರ ಹೆಲ್ಸಿಂಕಿಯಲ್ಲಿ ಐದು ಸಾವಿರ, ಹತ್ತು ಸಾವಿರ ಮೀಟರ್ ಮತ್ತು ಮ್ಯಾರಥಾನ್ ಮೂರನ್ನೂ ಗೆದ್ದ ಎಮಿಲ್ ಝಾಟೋಪೆಕ್ ಓಡುವಾಗ ಮುಖ ಕಿವುಚಿ, ತಲೆ ಒಲೆಯುತ್ತಾ, ನೋಡುವವರಿಗೆ ಸಂಕಟವಾಗುವಂತೆ ಓಡುತ್ತಿದ್ದರು. ಹೈಲೆ ಗೆಬ್ರೆಸೆಲಾಸಿಯವರ ಎಡಗೈ ಕೊನೆಯವರೆಗೂ ತುಸು ಮಡಿಚಿಕೊಂಡೇ ಇತ್ತು. ಬಾಲ್ಯದಲ್ಲಿ ಪುಸ್ತಕಗಳನ್ನು ಆ ಕೈಯಲ್ಲಿ ಅವುಚಿಕೊಂಡು ಹತ್ತು ಕಿಲೋಮೀಟರ್ ದೂರದ ಶಾಲೆಗೆ ಓಡುತ್ತಿದ್ದ ಗುರುತು ಅದು. (ಮೇಷ್ಟ್ರಾದವನಿಗೆ ಇದಕ್ಕಿಂತ ಹಿತವಾದ ಕ್ರೀಡಾವಾರ್ತೆ ಯಾವುದಿದೆ!)

ಬೂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒದ್ದೆ ಕಾಲಿನ ಗುರುತು ನೋಡಿ, ಪಾದದ ಕಮಾನು ಎತ್ತರವೋ ಚಪ್ಪಟೆಯೋ ಎಂದು ನಿರ್ಧರಿಸಿ ಅದಕ್ಕೆ ತಕ್ಕ ಬೂಟು ಕೊಡುವ ಪದ್ಧತಿಯನ್ನು ಅಮೆರಿಕದ ಸೇನೆಯ ಹೊಸ ಸೈನಿಕರ ಮೇಲೆ ಪರೀಕ್ಷಿಸಿದರು. ಗಾಯಗಳು ಹೇಳಿಕೊಳ್ಳುವಂತೆ ಕಡಿಮೆಯಾಗಲಿಲ್ಲ. ಹೊಂದುವ, ಹಿತವೆನಿಸುವ ಬೂಟು ಸಾಕು. ಹದಿನೈದು ಸಾವಿರ ಖರ್ಚು ಮಾಡಿಯೇ ತೀರುವೆನೆಂದರೆ ಅದು ನಿಮ್ಮ ಇಷ್ಟ.

ಕ್ರಮ ಎಷ್ಟೇ ಸರಿಯಿದ್ದರೂ ಪ್ರಮಾಣ ತಪ್ಪಿದರೆ ಕಾಲು ಉಳಿಯದು. ಇಲ್ಲಿ ನಮ್ಮ ಬೆಂಗಳೂರಿನ ಮಿತ್ರರ ಒಂದು ಅಭ್ಯಾಸ ನನಗೆ ಆತಂಕ ತರುತ್ತದೆ. ವಾರವಿಡೀ ಪುರಸೊತ್ತಿಲ್ಲ, ಭಾನುವಾರ ಬೆಳಗ್ಗೆ ಕಬ್ಬನ್ ಉದ್ಯಾನದಲ್ಲಿ ಗೆಳೆಯರ ಗುಂಪು ಸೇರಿತೆಂದರೆ ಐದರ ಜಾಗದಲ್ಲಿ ಹನ್ನೆರಡು ಕಿಲೋಮೀಟರ್. ಐದು ಸಾವಿರಕ್ಕೂ ಹೆಚ್ಚು ಓಟಗಾರರ ಗಡಿಯಾರಗಳ ಲೆಕ್ಕ ನೋಡಿ 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಎತ್ತಿ ಹೇಳಿದೆ: ಕಳೆದ ಮೂವತ್ತು ದಿನಗಳ ಅತಿ ಉದ್ದದ ಓಟಕ್ಕಿಂತ, ಒಂದೇ ದಿನದಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಓಡಿದವರಲ್ಲಿ ಗಾಯಗಳು ಹೆಚ್ಚಿದವು, ಎರಡರಷ್ಟನ್ನೂ ಮೀರಿ ಓಡಿದವರಲ್ಲಿ ಅಪಾಯ ಇಮ್ಮಡಿಗೂ ಮಿಕ್ಕಿತು. ವಾರದ ಒಟ್ಟು ಲೆಕ್ಕಕ್ಕಿಂತ ಆ ಒಂದು ದಿನದ ಅತಿಯೇ ಮುಖ್ಯವೆಂಬುದು ಅದರ ಸಾರ.

ನನ್ನ ಕೋಪವೆಲ್ಲ ಮಾತ್ರ ಬೇರೊಂದು ಕಡೆಗೆ. ಬಹಳ ವರ್ಷಗಳ ಹಿಂದೆ ನಮ್ಮ ಶಾಲೆಯ ಹುಡುಗನೊಬ್ಬ 1,500 ಮೀಟರ್ ಓಟದಲ್ಲಿ ತಾಲ್ಲೂಕಿಗೆ ಮೊದಲಿಗನಾಗಿ ಜಿಲ್ಲೆಗೆ ಆಯ್ಕೆಯಾದ. ಮುಂದಿನ ತರಬೇತಿಗಾಗಿ ಅವನನ್ನು ವಹಿಸಿಕೊಂಡ ಹೊರಗಿನ ತರಬೇತುದಾರರೊಬ್ಬರು, ಎರವಲು ತಂದ ಎರಡು ಅಳತೆ ದೊಡ್ಡ ಕ್ಯಾನ್ವಾಸ್ ಬೂಟು ತೊಡಿಸಿ, ಮೂರು ವಾರ ದಿನಾಲೂ ಡಾಂಬರು ರಸ್ತೆಯಲ್ಲಿ ಓಡಿಸಿದರು. ಮಂಡಿಯ ಕೆಳಗೆ, ಕಾಲಿನ ಮುಂದಿನ ಮೂಳೆಯಲ್ಲಿ ನೋವೆಂದು ಹುಡುಗ ಹೇಳಿದ. ‘ನೋವಿಲ್ಲದೆ ಪದಕ ಬರುತ್ತದೆಯೇ?’ ಎಂಬ ಉತ್ತರ ಸಿಕ್ಕಿತು. ರಾತ್ರಿ ಮಲಗಿದಾಗಲೂ ನೋಯುತ್ತಿದೆಯೆಂದು ಅವನು ತನ್ನ ತಾಯಿಗೆ ಹೇಳುತ್ತಿದ್ದನಂತೆ. ಕೊನೆಗೆ ಕ್ಷಕಿರಣದ ಚಿತ್ರದಲ್ಲಿ ಕಂಡದ್ದು ಮೂಳೆಯ ಬಿರುಕು. ಜಿಲ್ಲೆಯ ಓಟದ ದಿನ ಅವನು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಯ ಜಗಲಿಯಲ್ಲಿ ಕುಳಿತಿದ್ದ. ಬಿರುಕು ಕೂಡಿಕೊಂಡಿತು. ಅವನು ಮತ್ತೆ ಓಡಲಿಲ್ಲ.

ಅಂಥ ನೋವಿನ ಗುರುತುಗಳು ಪ್ರತಿ ಶಾಲೆಯ ಗೋಡೆಯ ಮೇಲಿರಬೇಕು. ಸ್ನಾಯುವಿನ ಬಳಲಿಕೆ ಹರಡಿಕೊಂಡಿರುತ್ತದೆ. ಎರಡು ದಿನದಲ್ಲಿ ಇಳಿಯುತ್ತದೆ. ಮೂಳೆಯ ನೋವನ್ನು ಒಂದೇ ಬೆರಳಿನಿಂದ ‘ಇಲ್ಲಿ’ ಎಂದು ತೋರಿಸಬಹುದು. ಓಡಿದಷ್ಟೂ ಹೆಚ್ಚುತ್ತದೆ, ಕುಂಟಿಸುತ್ತದೆ, ವಿಶ್ರಾಂತಿಯಲ್ಲೂ ಬಿಡುವುದಿಲ್ಲ. ಎರಡನೆಯದು ಕಂಡೊಡನೆ ಓಟ ನಿಲ್ಲಬೇಕು, ವೈದ್ಯರು ನೋಡಬೇಕು. ಮೊದಲ ದಿನಗಳಲ್ಲಿ ಬಿರುಕು ಕ್ಷಕಿರಣದಲ್ಲಿ ಕಾಣದೆಯೂ ಇರಬಹುದು. ಚಿತ್ರ ಚೆನ್ನಾಗಿದೆಯೆಂದು ಮಗುವನ್ನು ಮತ್ತೆ ಓಡಿಸಬಾರದು.

ಕ್ರೀಡಾ ಇಲಾಖೆಯವರು ಈ ಪುಟವನ್ನು ಓದುವುದಿಲ್ಲ. ಆದರೆ ನಿಮ್ಮಲ್ಲಿ ಹಲವರು ನನ್ನದೇ ವೃತ್ತಿಯಲ್ಲಿದ್ದೀರಿ. ಓಟ ಕಲಿಸಲು ಸಲಕರಣೆ ಬೇಡ. ಮಕ್ಕಳನ್ನು ನಿಂತಲ್ಲೇ ಓಡಿಸಿ. ನಿಂತಲ್ಲಿ ಓಡುವಾಗ ಯಾರೂ ಹಿಮ್ಮಡಿಯನ್ನು ಮುಂದಕ್ಕೆ ಚಾಚಲಾರರು. ಆಮೇಲೆ ಸೊಂಟ ಮುರಿಯದೆ, ಇಡೀ ಮೈಯನ್ನು ತುಸುವೇ ಮುಂದಕ್ಕೆ ವಾಲಿಸಲು ಹೇಳಿ. ಅದೇ ಹೆಜ್ಜೆಯಲ್ಲಿ ಓಟ ತಾನಾಗಿ ಹೊರಡುತ್ತದೆ. ಹಗ್ಗದಾಟ ಆಡಿಸಿ. ಮರೆಯುತ್ತಿರುವ ಕುಂಟೆಬಿಲ್ಲೆಯನ್ನು ಹುಡುಗರಿಗೂ ಆಡಿಸಿ: ಗೆರೆ ತುಳಿಯದಂತೆ ಒಂಟಿ ಕಾಲಲ್ಲಿ ಹಗುರವಾಗಿ ಇಳಿಯುವುದು, ಇಳಿಯುವಾಗ ಮಂಡಿಯನ್ನು ಬಾಗಿಸುವುದು, ತೂಕವನ್ನು ಪಾದದ ಮೇಲೆ ನಿಲ್ಲಿಸುವುದು, ಇಷ್ಟನ್ನೂ ನಮ್ಮ ಹೆಣ್ಣುಮಕ್ಕಳು ಯಾವ ತರಬೇತುದಾರನೂ ಇಲ್ಲದೆ ಅಂಗಳದಲ್ಲಿ ಕಲಿಯುತ್ತಿದ್ದರು.

ಈ ವರ್ಷದ ವಲಯ ಮಟ್ಟದ ಕ್ರೀಡಾಕೂಟಕ್ಕೆ ಮೊದಲು ನಿಮ್ಮ ತರಗತಿಯ ಹತ್ತು ಮಕ್ಕಳ ಓಟವನ್ನು ಪಕ್ಕದಿಂದ ಮೊಬೈಲಿನಲ್ಲಿ ನಿಧಾನಗತಿಯಲ್ಲಿ ಚಿತ್ರೀಕರಿಸಿ. ಪಾದ ನೆಲ ಮುಟ್ಟಿದ ಕ್ಷಣದಲ್ಲಿ ಚಿತ್ರ ನಿಲ್ಲಿಸಿ, ಅದು ಮಂಡಿಯ ಕೆಳಗಿದೆಯೋ ಮುಂದಿದೆಯೋ ಮಕ್ಕಳಿಗೇ ತೋರಿಸಿ. ಎರಡು ವಾರ ಹಗ್ಗದಾಟ, ಕುಂಟೆಬಿಲ್ಲೆ ಆದ ಮೇಲೆ ಮತ್ತೊಮ್ಮೆ ಚಿತ್ರೀಕರಿಸಿ. ಹತ್ತರಲ್ಲಿ ಎಷ್ಟು ಮಕ್ಕಳ ಹೆಜ್ಜೆ ಬದಲಾಯಿತೆಂದು ನನಗೆ ಬರೆಯಿರಿ. ಬಂದ ಉತ್ತರಗಳನ್ನು, ಹೆಸರು ಬಿಟ್ಟು, ಇಲ್ಲಿಯೇ ಪ್ರಕಟಿಸುತ್ತೇನೆ.